28 ಬೈಟ್ 2 ಆದ ಕಥೆ

ಇಳಕಲ್ಲಿನ ಖಾನಾವಳಿಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಜೋಳದ ರೊಟ್ಟಿ ನೋಡಿರ್ತೀರಿ. ಕೊನೆಗೆ ಇಟ್ಟದ್ದು ಮೊದಲು ಕೈಗೆ ಬರುತ್ತೆ. ಪ್ರೊಸೆಸರ್‌ನ ಸ್ಟ್ಯಾಕ್ ಕೂಡ ಹಂಗೇ. ಒಂದು ಫಂಕ್ಷನ್ ಕೆಲಸ ಶುರು ಮಾಡೋವಾಗ, ತನ್ನನ್ನು ಕರೆದವರ ರಿಜಿಸ್ಟರ್ ಬೆಲೆಗಳನ್ನು ಅಲ್ಲಿಡುತ್ತೆ. ಮುಗಿದ ಮೇಲೆ ವಾಪಸ್ ತುಂಬುತ್ತೆ. ಒಂದು ತಪ್ಪಿದರೂ ಲೆಕ್ಕ ಕೆಟ್ಟಿತು.

ನನಗೆ ಇದರ ಬೆಲೆ ಗೊತ್ತಾದದ್ದು ಹುನಗುಂದದ ನಮ್ಮ ಹೊಲದಲ್ಲಿ. ಪಂಪ್‌ಸೆಟ್‌ಗೆ ಒಂದು ಕಂಟ್ರೋಲರ್ ಮಾಡ್ತಿದ್ದೆ. ಚಿಪ್‌ನಲ್ಲಿದ್ದ ಜಾಗ 16 ಕಿಲೋಬೈಟ್. ಪ್ರೋಗ್ರಾಂ ಹಿಡಿಸಲಿಲ್ಲ. ನೀರಿಲ್ಲದಾಗ ಮೋಟಾರ್ ನಿಲ್ಲಿಸೋ ಭಾಗವನ್ನೇ ಕೈಬಿಟ್ಟೆ. ಬೋರ್ ಬತ್ತಿದ ಒಂದು ರಾತ್ರಿ ಮೋಟಾರ್ ಸುಟ್ಟಿತು.

1977ರ ವ್ಯಾಕ್ಸ್ ಕಂಪ್ಯೂಟರ್‌ನಲ್ಲಿ ರಿಜಿಸ್ಟರ್ ತುಂಬಿ ವಾಪಸಾಗೋ ಕೆಲಸಕ್ಕೆ ಒಂದೇ ಸೂಚನೆ ಸಾಕಿತ್ತು. 1980ರ ದಶಕದಲ್ಲಿ ಬರ್ಕ್ಲಿಯ ಡೇವಿಡ್ ಪ್ಯಾಟರ್ಸನ್ ಮತ್ತವರ ಜೊತೆಗಾರರು ಇಂಥ ಭಾರದ ಸೂಚನೆ ಬಿಟ್ಟು ಸರಳವಾದವನ್ನೇ ಹಿಡಿದರು. 2010ರಲ್ಲಿ ಅಲ್ಲೇ ರಿಸ್ಕ್-ಫೈವ್ ಹುಟ್ಟಿತು. 4 ರಿಜಿಸ್ಟರ್ ಮತ್ತು ವಾಪಸಾಗೋ ವಿಳಾಸ ತುಂಬೋಕೆ 5 ಸೂಚನೆ, ಸ್ಟ್ಯಾಕ್ ಸರಿಪಡಿಸೋಕೆ 1, ಹಿಂದಿರುಗೋಕೆ 1. ಒಂದೊಂದಕ್ಕೆ 4 ಬೈಟ್‌ನಂತೆ 28 ಬೈಟ್.

2011ರಲ್ಲಿ ಆಂಡ್ರ್ಯೂ ವಾಟರ್‌ಮನ್ ತಮ್ಮ ಸ್ನಾತಕೋತ್ತರ ಪ್ರಬಂಧದಲ್ಲಿ ಈ ಸೂಚನೆಗಳನ್ನು 16 ಬಿಟ್‌ಗೆ ಕುಗ್ಗಿಸೋ ದಾರಿ ತೋರಿಸಿದರು. ಆ ದಾರಿಯಲ್ಲಿ 28 ಹೋಗಿ 14 ಆಯ್ತು. 2023ರಲ್ಲಿ ಅಂಗೀಕಾರವಾದ ಝಡ್‌ಸಿಎಂಪಿ ವಿಸ್ತರಣೆಯ 'ಪಾಪ್‌ರೆಟ್' ಏಳೂ ಕೆಲಸವನ್ನು ಒಂದೇ ಸೂಚನೆಗೆ ತಂದಿತು. ಈಗ ಬರೀ 2 ಬೈಟ್. ಬಿಟ್ಟದ್ದನ್ನೇ ನಾಲ್ಕು ದಶಕದ ಮೇಲೆ ಮತ್ತೆ ಕರೆದಂಗಾಯ್ತು.

ಆದ್ರೆ ಪುಕ್ಕಟೆ ಅಲ್ಲ. ನಡುವೆ ಇಂಟರಪ್ಟ್ ಬಂದರೆ ಕೆಲಸ ಮತ್ತೆ ಮೊದಲಿಂದ ಶುರುವಾಗಬಹುದು. ಅದಕ್ಕೇ ಸ್ಟ್ಯಾಕ್ ಪಾಯಿಂಟರ್ ಎಲ್ಲ ತುಂಬಿದ ಮೇಲೇ ಬದಲಾಗಬೇಕು. ಇನ್ನೊಂದು, ಈ ಸೂಚನೆ ಕೂತಿರೋದು ಡಬಲ್ ದಶಮಾಂಶ ಸಂಖ್ಯೆಗಳ ಕುಗ್ಗಿಸಿದ ಸೂಚನೆಗಳಿದ್ದ ಜಾಗದಲ್ಲಿ. ಹಂಗಾಗಿ ಅವನ್ನು ಬಳಸೋ ದೊಡ್ಡ ಚಿಪ್‌ಗಳಿಗೆ ಇದು ಸಿಗೋದಿಲ್ಲ. ಐಐಟಿ ಮದ್ರಾಸಿನ 'ಶಕ್ತಿ' ಕೂಡ ರಿಸ್ಕ್-ಫೈವ್ ಮೇಲೇ ನಿಂತಿದೆ. ಯಾವುದಕ್ಕೆ ಯಾವ ವಿಸ್ತರಣೆ ಅನ್ನೋ ಆಯ್ಕೆ ನಮ್ಮ ದೇಶದ ಚಿಪ್ ಮಾಡುವವರ ಮುಂದೆಯೂ ಇದೆ.

ನನ್ನ ಪ್ರೋಗ್ರಾಂನಲ್ಲಿ ಇಂಥ ಫಂಕ್ಷನ್ ಸುಮಾರು 40 ಇದ್ವು. ತಲಾ 12 ಬೈಟ್ ಉಳಿದರೂ 480. ಮೋಟಾರ್ ನಿಲ್ಲಿಸೋ ಭಾಗಕ್ಕೆ ಬೇಕಿದ್ದದ್ದು ಅದಕ್ಕಿಂತ ಕಡಿಮೆ.