ಬಲಿಪ ಶೈಲಿ: ನಕಲೋ, ಮುಂದುವರಿಕೆಯೋ?

ಪುತ್ತೂರು, ಸುಳ್ಯ, ಕಡಬದ ಬಯಲಾಟಗಳಿಗೆ ಹೋಗುವ ಹಳಬರು ಭಾಗವತರ ದನಿ ಕೇಳಿಯೇ ಶೈಲಿ ಗುರುತಿಸುತ್ತಾರೆ. ಬಲಿಪ ನಾರಾಯಣ ಭಾಗವತರು 2023ರಲ್ಲಿ ತೀರಿಕೊಂಡರು. ಬಲಿಪ ಶೈಲಿ ಮಾತ್ರ ಉಳಿದಿದೆ. ಅವರಿಗೂ ಅದು ಬಂದದ್ದು ಅದೇ ಹೆಸರಿನ ಅಜ್ಜನಿಂದ. ಹಾಗಿದ್ದರೆ ಅದೇ ಶೈಲಿಯಲ್ಲಿ ಹಾಡುವ ಇನ್ನೊಬ್ಬರನ್ನು ಕೇಳಲು ನಿದ್ದೆಗೆಡಬೇಕೆ?

ದನಿಯ ನಕಲಷ್ಟೇ ಆದರೆ ಬೇಡ, ಹಳೆಯ ಕ್ಯಾಸೆಟ್ಟೇ ಸಾಕು. ಆದರೆ ತೆಂಕುತಿಟ್ಟಿನಲ್ಲಿ ಭಾಗವತ ಬರೀ ಹಾಡುಗಾರನಲ್ಲ. ಜಾಗಟೆ ಹಿಡಿದು ಇಡೀ ಆಟ ನಡೆಸುವವನು. ವೇಷಧಾರಿ ಕುಣಿತ ಬೆಳೆಸಿದರೆ ಪದ್ಯ ಹಿಗ್ಗಬೇಕು, ದಣಿದರೆ ಚುಟುಕಾಗಬೇಕು. ಕ್ಯಾಸೆಟ್ಟಿಗೆ ಎದುರಿನ ವೇಷ ಕಾಣುವುದಿಲ್ಲ. ಅನೇಕ ಪ್ರಸಂಗಗಳು ಬಲಿಪರಿಗೆ ಬಾಯಿಪಾಠವಿದ್ದವು. ಅವರ ಕಣ್ಣು ಪುಸ್ತಕದ ಮೇಲಲ್ಲ, ರಂಗದ ಮೇಲಿರುತ್ತಿತ್ತು. ಅನುಕರಿಸುವವರು ಹೆಚ್ಚಾಗಿ ಬಿಟ್ಟುಬಿಡುವುದು ಇದನ್ನೇ.