ಆರರ ಹಲ್ಲು, ಏಳರ ನಮಾಝ್

ಮಗುವಿಗೆ ಆರು ವರ್ಷ ತುಂಬುವ ಹೊತ್ತಿಗೆ ಬಾಯಿಯ ಹಿಂಭಾಗದಲ್ಲಿ, ಹಾಲುಹಲ್ಲುಗಳ ಸಾಲು ಮುಗಿದ ಮೇಲೆ, ಒಂದು ದೊಡ್ಡ ದವಡೆ ಹಲ್ಲು ಮೂಡುತ್ತದೆ. ಮೇಲೆ ಎರಡು, ಕೆಳಗೆ ಎರಡು, ಒಟ್ಟು ನಾಲ್ಕು. ಅವುಗಳಿಗೆ ಜಾಗ ಮಾಡಿಕೊಡಲು ಯಾವ ಹಾಲುಹಲ್ಲೂ ಬೀಳುವುದಿಲ್ಲ. ಹಾಗಾಗಿ ಅವು ಬಂದದ್ದೇ ಅನೇಕ ಮನೆಗಳಲ್ಲಿ ಗೊತ್ತಾಗುವುದಿಲ್ಲ. ಹುಳುಕು ಕಂಡರೂ, ಹಾಲುಹಲ್ಲು ತಾನೆ, ಬಿದ್ದು ಹೊಸದು ಬರುತ್ತದೆ ಬಿಡಿ ಎಂದು ಸುಮ್ಮನಾಗುತ್ತೇವೆ. ಆದರೆ ಅದು ಬೀಳುವ ಹಲ್ಲಲ್ಲ. ಎಪ್ಪತ್ತರ ವಯಸ್ಸಿನಲ್ಲಿ ರೊಟ್ಟಿ ಅಗಿಯಬೇಕಾದ ಹಲ್ಲು ಅದೇ.

ಮಗುವಿಗೆ ಏಳು ವರ್ಷವಾದಾಗ ನಮಾಝ್ ಕಲಿಸಬೇಕೆಂಬುದು ಪ್ರವಾದಿ(ಸ)ರ ಆದೇಶ. ನಮಾಝ್ ಎಂದರೆ ವುಝೂ, ವುಝೂ ಎಂದರೆ ಬಾಯಿ ಮುಕ್ಕಳಿಸುವುದು, ಅದರ ಜೊತೆಗೆ ಮಿಸ್ವಾಕ್. ಆರಕ್ಕೆ ಹಲ್ಲು ಬರುತ್ತದೆ, ಏಳಕ್ಕೆ ಅದನ್ನು ಶುಚಿಗೊಳಿಸುವ ಶಿಸ್ತು ಬರುತ್ತದೆ. ಇವೆರಡನ್ನೂ ನಮ್ಮ ಹಿರಿಯರ ಮನೆಗಳು ಹೇಗೆ ಜೋಡಿಸಿಕೊಂಡಿದ್ದವು, ನಡುವೆ ಏನು ಕಳಚಿತು? ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯ ಹಿನ್ನೆಲೆಯಲ್ಲಿ ಅದನ್ನು ಸ್ವಲ್ಪ ನೋಡೋಣ.

ಮಿಸ್ವಾಕ್‌ನ ಮೂಲ ಅರಬ್ ನಾಡಿನ ಅರಾಕ್ ಗಿಡ. ಉರ್ದುವಿನಲ್ಲಿ ಅದನ್ನೇ ಪೀಲು ಎನ್ನುತ್ತಾರೆ. ಅದರ ಬೇರು, ರೆಂಬೆಗಳನ್ನು ಅಗಿದರೆ ತುದಿ ಕುಂಚದಂತೆ ಬಿಚ್ಚಿಕೊಳ್ಳುತ್ತದೆ. ಸಮುದಾಯಕ್ಕೆ ಹೊರೆಯಾದೀತು ಎಂಬ ಕಾಳಜಿಯೊಂದಿಲ್ಲದಿದ್ದರೆ ಪ್ರತಿ ನಮಾಝ್‌ಗೂ ಮಿಸ್ವಾಕನ್ನು ಕಡ್ಡಾಯಗೊಳಿಸುತ್ತಿದ್ದರು ಎಂಬಷ್ಟು ಮಹತ್ವವನ್ನು ಪ್ರವಾದಿ(ಸ) ಅದಕ್ಕೆ ಕೊಟ್ಟಿದ್ದರು. ಬುಖಾರಿ, ಮುಸ್ಲಿಮ್ ಎರಡೂ ಸಂಗ್ರಹಗಳಲ್ಲಿ ಈ ಹದೀಸ್ ಇದೆ. ನಿದ್ದೆಯಿಂದ ಎದ್ದಾಗ, ಮನೆಯೊಳಗೆ ಕಾಲಿಟ್ಟಾಗ, ಜುಮಾ ದಿನದ ಸ್ನಾನದ ಜೊತೆಗೆ ಮಿಸ್ವಾಕ್ ಮಾಡುವುದು ಸುನ್ನತ್ ಆಗಿ ಉಳಿದು ಬಂತು.

ಈ ಶಿಸ್ತು ವೈದ್ಯಶಾಸ್ತ್ರದಲ್ಲೂ ಫಲ ಕೊಟ್ಟಿತು. ಸುಮಾರು 1013ರಲ್ಲಿ ತೀರಿಕೊಂಡ, ಸ್ಪೇನಿನ ಕೊರ್ದೋವಾದ ಶಸ್ತ್ರವೈದ್ಯ ಅಬುಲ್ ಖಾಸಿಮ್ ಅಝ್ಝಹ್ರಾವಿ ತಮ್ಮ ಅತ್ತಸ್ರೀಫ್ ಗ್ರಂಥದಲ್ಲಿ ಹಲ್ಲಿಗೆ ಅಂಟಿದ ಗಟ್ಟಿ ಕಿಟ್ಟವನ್ನು ಕೆರೆದು ತೆಗೆಯುವ ವಿಧಾನವನ್ನು ವಿವರಿಸಿ, ಅದಕ್ಕೆ ಬೇಕಾದ ಉಪಕರಣಗಳ ಚಿತ್ರಗಳನ್ನೂ ಕೊಟ್ಟರು. ಒಂದೇ ದಿನದಲ್ಲಿ ಮುಗಿಯದಿದ್ದರೆ ಮತ್ತೆ ಮತ್ತೆ ಕೂರಿಸಿ ಪೂರ್ತಿ ತೆಗೆಯಬೇಕು ಎಂಬುದು ಅವರ ಕ್ರಮ. ಇಂದು ದಂತವೈದ್ಯರು ಹಲ್ಲು ಕ್ಲೀನ್ ಮಾಡುವುದೂ ಅದೇ ಕೆಲಸ.

ದಖ್ಖನಿನಲ್ಲಿ ಪೀಲು ಕಡ್ಡಿ ಎಲ್ಲರಿಗೂ ಸಿಗುವ ವಸ್ತುವಾಗಿರಲಿಲ್ಲ. ನಮ್ಮ ಸೀಮೆಯ ಹಿರಿಯರು ಊರಿನ ಗಿಡವನ್ನೇ ಮುರಿದರು. ಬೇವು, ಕರಿಜಾಲಿ, ಹೊಂಗೆ, ಹೊಲದ ಬದುವಿನ ಉತ್ತರಾಣಿ, ತಂಗಡಿ. ಹಿಂದೂ ನೆರೆಯವರೂ ಅದನ್ನೇ ಬಳಸುತ್ತಿದ್ದರು. ಕಡ್ಡಿ ಎಲ್ಲರದು, ಆದರೆ ಅದನ್ನು ನಮಾಝ್‌ನ ಹೊತ್ತಿಗೆ ಕಟ್ಟಿಹಾಕಿದ್ದು ನಮ್ಮ ಮನೆಗಳ ವಿಶೇಷ. ಫಜ್ರ್‌ಗೆ ಎದ್ದ ಹಿರಿಯರ ಪಕ್ಕದಲ್ಲಿ ಕುಳಿತ ಮಗು, ಅವರು ಅಗಿದಂತೆ ಅಗಿದು, ಅವರು ಉಜ್ಜಿದಂತೆ ಉಜ್ಜುತ್ತಿತ್ತು. ಪಾಠ ಹೇಳಬೇಕಿರಲಿಲ್ಲ, ಜೊತೆಗಿದ್ದರೆ ಸಾಕಾಗಿತ್ತು.

ಆದರೆ ಹಳೆಯದೆಲ್ಲ ಒಳ್ಳೆಯದೆಂದು ಹೇಳಿದರೆ ಇತಿಹಾಸಕ್ಕೆ ಅನ್ಯಾಯ ಮಾಡಿದಂತೆ. ದಖ್ಖನಿನ ನಮ್ಮ ಹೆಣ್ಣುಮಕ್ಕಳ ಅಲಂಕಾರದಲ್ಲಿ ಮಿಸ್ಸಿ ಎಂಬ ಕಪ್ಪು ಪುಡಿಯೊಂದಿತ್ತು. ಮಾಚಿಕಾಯಿ ಮತ್ತು ಲೋಹದ ಲವಣಗಳಿಂದ ಮಾಡಿದ ಅದು ಹಲ್ಲನ್ನು, ವಸಡನ್ನು ಕಪ್ಪಾಗಿಸುತ್ತಿತ್ತು. ಮದುವೆಯ ಶೃಂಗಾರದಲ್ಲೂ ಅದಕ್ಕೆ ಸ್ಥಾನವಿತ್ತು. ಆಮೇಲೆ ಹೊಗೆಸೊಪ್ಪನ್ನು ಸುಟ್ಟು ಮಾಡಿದ ಪುಡಿ ಹಲ್ಲುಜ್ಜುವ ನೆಪದಲ್ಲಿ ಅಡುಗೆಮನೆಗೆ ಬಂತು. ಹಲ್ಲುನೋವಿಗೆ ಮದ್ದೆಂದು ಶುರುವಾಗಿ ದಿನಕ್ಕೆ ನಾಲ್ಕು ಬಾರಿಯ ಚಟವಾಯಿತು. ತಂಬಾಕು ಬೆರೆಸಿದ ಹಲ್ಲುಪುಡಿ, ಪೇಸ್ಟುಗಳನ್ನು ಕೇಂದ್ರ ಸರಕಾರ 1992ರಲ್ಲೇ ನಿಷೇಧಿಸಿದೆ. ಆದರೂ ಅಜ್ಜಿಯ ಡಬ್ಬಿಯಲ್ಲಿ ಅದು ಉಳಿದಿದ್ದರೆ ಮೊಮ್ಮಗುವಿನ ಬೆರಳು ಅಲ್ಲಿಗೆ ಹೋಗುವುದು ಕಷ್ಟವಲ್ಲ. ಇದ್ದಲು, ಇಟ್ಟಿಗೆ ಪುಡಿ, ಬೂದಿಗಳೂ ಹಾಗೆಯೇ. ಅವು ಹಲ್ಲನ್ನು ಬೆಳ್ಳಗೆ ಮಾಡಿದಂತೆ ತೋರಿದರೂ ಮೇಲಿನ ಗಟ್ಟಿ ಪದರವನ್ನೇ ಸವೆಸುತ್ತವೆ. ಸವೆದ ಪದರ ಮತ್ತೆ ಬೆಳೆಯುವುದಿಲ್ಲ.

ಬ್ರಷ್ ನಮ್ಮ ಮನೆಗಳಿಗೆ ತಡವಾಗಿ ಬಂದದ್ದಕ್ಕೂ ಒಂದು ಕಾರಣವಿದೆ. ಬ್ರಿಟಿಷರ ಕಾಲದ ಬ್ರಷ್‌ಗಳ ಕೂದಲು ಬಹುಪಾಲು ಹಂದಿಯದು. ಮುಸ್ಲಿಮರು ಅದನ್ನು ಬಾಯಿಗೆ ಇಡುವಂತಿರಲಿಲ್ಲ. 1938ರಲ್ಲಿ ಅಮೆರಿಕದಲ್ಲಿ ನೈಲಾನ್ ಎಳೆಯ ಬ್ರಷ್ ಮಾರುಕಟ್ಟೆಗೆ ಬಂದ ಮೇಲೆ ಆ ಅಡ್ಡಿ ಕ್ರಮೇಣ ತೊಲಗಿತು. ಪುಡಿಯ ಕಥೆ ಬೇರೆ. 1913ರಲ್ಲಿ ಬಿ.ವಿ. ಪಂಡಿತರು ಕಟ್ಟಿದ ನಂಜನಗೂಡಿನ ಸದ್ವೈದ್ಯಶಾಲೆಯ ಹಲ್ಲುಪುಡಿ ಕನ್ನಡಿಗರ ಮನೆಮಾತಾಯಿತು. ಪೊಟ್ಟಣದ ಪುಡಿಯ ಹಿಂದೆ ಪೇಸ್ಟೂ ಬಂತು. ಅನುಕೂಲ ಹೆಚ್ಚಿತು. ಆದರೆ ಬ್ರಷ್ ಬಚ್ಚಲಮನೆಯ ಲೋಟದೊಳಗೆ ಸೇರಿದ ಮೇಲೆ ಹಲ್ಲುಜ್ಜುವುದು ಹಿರಿಯರ ಪಕ್ಕ ಕುಳಿತು ಮಾಡುವ ಕೆಲಸವಾಗಿ ಉಳಿಯಲಿಲ್ಲ. ಮಗು ಒಂದೇ ಹೋಗುತ್ತದೆ, ಅರ್ಧ ನಿಮಿಷದಲ್ಲಿ ಬರುತ್ತದೆ. ಸಾಧನ ಸುಧಾರಿಸಿತು, ಸಂಗಡ ಕಡಿಮೆಯಾಯಿತು.

ಇನ್ನು ನಮ್ಮ ಜಿಲ್ಲೆಗೆ ವಿಶೇಷವಾಗಿ ಅನ್ವಯಿಸುವ ಮಾತು ನೀರಿನದು. ಹಿಂದೆ ನಮ್ಮ ಊರುಗಳು ಹೊಳೆ, ಕೆರೆ, ಮೆಟ್ಟಿಲುಬಾವಿಗಳ ನೀರು ಕುಡಿಯುತ್ತಿದ್ದವು. ಆ ನೀರಿನಿಂದ ಕಾಲರಾ, ನಾರುಹುಣ್ಣು ಬರುತ್ತಿದ್ದವು. 1970ರ ದಶಕದಿಂದೀಚೆಗೆ ಕೊಳವೆಬಾವಿ, ಕೈಪಂಪುಗಳು ಹೆಚ್ಚಿದಂತೆ ಆ ಕಾಟ ಇಳಿಯಿತು. 2000ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣಿನಿಂದ ಮುಕ್ತವೆಂದು ಪ್ರಮಾಣೀಕರಿಸಿತು. ಇದು ದೊಡ್ಡ ಉಪಕಾರ. ಆದರೆ ಆಳದ ಗ್ರಾನೈಟ್ ಬಂಡೆಗಳ ಸಂದಿನಿಂದ ಬಂದ ನೀರು ತನ್ನೊಡನೆ ಫ್ಲೋರೈಡನ್ನೂ ತಂದಿತು.

ಫ್ಲೋರೈಡ್ ಹಲ್ಲಿಗೆ ಮಾಡುವುದೇನು ಎಂಬುದು ಜಗತ್ತಿಗೆ ತಿಳಿದದ್ದು ನಿಧಾನವಾಗಿ. 1901ರಲ್ಲಿ ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್‌ಗೆ ಬಂದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯರು ಅಲ್ಲಿನ ಮಕ್ಕಳ ಹಲ್ಲುಗಳಲ್ಲಿ ಕಂದು ಕಲೆಗಳನ್ನು ಕಂಡರು. ಊರವರು ಅದಕ್ಕೆ ಹಾಲು ಸರಿಯಿಲ್ಲ, ಊಟ ಸರಿಯಿಲ್ಲ ಎಂದು ಏನೇನೋ ಕಾರಣ ಹೇಳುತ್ತಿದ್ದರು. ಮೂವತ್ತು ವರ್ಷಗಳ ಹುಡುಕಾಟದ ನಂತರ, 1931ರಲ್ಲಿ, ಚರ್ಚಿಲ್ ಎಂಬ ರಸಾಯನತಜ್ಞರು ಇಂಥ ಊರುಗಳ ನೀರನ್ನು ಪರೀಕ್ಷಿಸಿದಾಗ ಹೆಚ್ಚಿನ ಫ್ಲೋರೈಡ್ ಪತ್ತೆಯಾಯಿತು. ಆರು ವರ್ಷ ಕಳೆದು, 1937ರಲ್ಲಿ, ಭಾರತದ ಮೊದಲ ವರದಿ ಬಂತು. ಅದು ಮದ್ರಾಸ್ ಪ್ರೆಸಿಡೆನ್ಸಿಯ ನೆಲ್ಲೂರು ಜಿಲ್ಲೆಯ ಹಳ್ಳಿಗಳದು. ಅಲ್ಲಿ ಹಲ್ಲಷ್ಟೇ ಅಲ್ಲ, ಮೂಳೆಗಳೂ ಬಾಧಿತವಾಗಿದ್ದವು. ಬಳ್ಳಾರಿಯೂ ಆಗ ಅದೇ ಪ್ರೆಸಿಡೆನ್ಸಿಯ ಜಿಲ್ಲೆ. 1953ರ ಅಕ್ಟೋಬರ್ 1ರಂದು ಅದು ಮೈಸೂರಿಗೆ ಸೇರಿತು. ಆಡಳಿತದ ಗಡಿ ಬದಲಾದರೂ ಬಂಡೆ ಬದಲಾಗಲಿಲ್ಲ. ಅಂತರ್ಜಲದಲ್ಲಿ ಫ್ಲೋರೈಡ್ ಮಿತಿ ಮೀರಿರುವ ಕರ್ನಾಟಕದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಒಂದು ಲೀಟರ್ ನೀರಿನಲ್ಲಿ 1.5 ಮಿಲಿಗ್ರಾಂ ದಾಟಬಾರದು ಎಂಬುದು ನಿಯಮ.

ಇದರಲ್ಲಿ ತಂದೆತಾಯಂದಿರು ತಿಳಿಯಬೇಕಾದ ಎರಡು ಸಂಗತಿಗಳಿವೆ. ಮೊದಲನೆಯದು, ಈ ಕಲೆ ಹಲ್ಲು ಮೂಡಿದ ಮೇಲೆ ಅಂಟಿಕೊಳ್ಳುವ ಕೊಳೆಯಲ್ಲ. ಹಲ್ಲು ವಸಡಿನೊಳಗೆ ರೂಪುಗೊಳ್ಳುವಾಗಲೇ, ಅಂದರೆ ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ ಕುಡಿದ ನೀರಿನಿಂದ ಆಗುವುದು. ಆದ್ದರಿಂದ ಹಲ್ಲಿನಲ್ಲಿ ಸುಣ್ಣದ ಗೆರೆಗಳೋ ಕಂದು ಕಲೆಗಳೋ ಇರುವ ಮಗುವಿಗೆ, ಸರಿಯಾಗಿ ಉಜ್ಜಿಲ್ಲ ಎಂದು ಗದರುವುದು ಅನ್ಯಾಯ. ಇದ್ದಲು ಹಾಕಿ ತಿಕ್ಕಿಸುವುದು ಇನ್ನೂ ಹಾನಿ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಹೆಣ್ಣುಮಕ್ಕಳು ನಮ್ಮ ಹಳ್ಳಿಗಳಲ್ಲಿದ್ದಾರೆ. ಸಂಬಂಧ ನೋಡಲು ಬಂದವರು ಹಲ್ಲು ನೋಡಿ ಮಾತು ಬದಲಿಸುತ್ತಾರೆ. ತಾನು ಕುಡಿದ ನೀರಿಗೆ ಒಂದು ಮಗು ಹೊಣೆಯಾಗುವುದು ಹೇಗೆ?

ಎರಡನೆಯದು, ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಎಂಟು ವರ್ಷದೊಳಗಿನ ಮಕ್ಕಳ ಕುಡಿಯುವ ನೀರು, ಅವರ ಅನ್ನ, ಸಾರಿನ ನೀರು ಕಾಲುವೆ ಮೂಲದ ನಲ್ಲಿಯದ್ದೋ ಶುದ್ಧ ಕುಡಿಯುವ ನೀರಿನ ಘಟಕದ್ದೋ ಆಗಿರಲಿ. ಬಳ್ಳಾರಿ ನಗರಕ್ಕೆ ಅಲ್ಲೀಪುರದ ಕೆರೆಯ ಮೂಲಕ ತುಂಗಭದ್ರೆಯ ನೀರು ಬರುತ್ತದೆ. ಕೊಳವೆಬಾವಿಯನ್ನೇ ನಂಬಿದ ಕುರುಗೋಡು, ಸಿರುಗುಪ್ಪ ಕಡೆಯ ಹಳ್ಳಿಗಳ ಜಮಾಅತ್‌ಗಳು ಮಸೀದಿ, ಮದ್ರಸಾಗಳ ಬೋರಿನ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ ಫಲಿತಾಂಶವನ್ನು ಗೋಡೆಗೆ ಅಂಟಿಸಿದರೆ, ಅದು ಊರಿಗೆಲ್ಲ ಉಪಕಾರ.

ಹಾಗಾದರೆ ಪೇಸ್ಟಿನಲ್ಲಿ ಫ್ಲೋರೈಡ್ ಏಕೆ ಎಂಬ ಪ್ರಶ್ನೆ ಸಹಜ. ಅಲ್ಪ ಪ್ರಮಾಣದ ಫ್ಲೋರೈಡ್ ಹಲ್ಲಿನ ಮೇಲ್ಮೈಯನ್ನು ಹುಳುಕಿನಿಂದ ಕಾಯುತ್ತದೆ, ಹೆಚ್ಚಿನ ಪ್ರಮಾಣ ಹೊಟ್ಟೆಗೆ ಹೋದರೆ ಕೆಡಿಸುತ್ತದೆ. ಉಪ್ಪಿನ ಹಾಗೆ, ಅಳತೆಯೇ ಮುಖ್ಯ. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು ಪೇಸ್ಟ್ ಸಾಕು. ಅದನ್ನು ಹಿರಿಯರೇ ಹಾಕಿಕೊಟ್ಟು, ನುಂಗದೆ ಉಗುಳಲು ಕಲಿಸಬೇಕು. ನಿಮ್ಮೂರ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಯಾವ ಪೇಸ್ಟ್ ಎಂಬುದನ್ನು ದಂತವೈದ್ಯರಲ್ಲಿ ಕೇಳಿ. ಬಳ್ಳಾರಿಯಲ್ಲಿ ಸರಕಾರಿ ದಂತವೈದ್ಯಕೀಯ ಕಾಲೇಜು ಇದೆ.

ಕಲೆ ನೀರಿನದಾದರೆ ಹುಳುಕು ಸಿಹಿಯದು. ಇವೆರಡನ್ನೂ ಬೆರೆಸಬಾರದು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿದ ಮೇಲೆ ಸಿರುಗುಪ್ಪದ ಗದ್ದೆಗಳು ವಿಸ್ತರಿಸಿದವು, ಜೋಳದ ರೊಟ್ಟಿಯ ನಾಡಿನಲ್ಲಿ ಅನ್ನ ದಿನನಿತ್ಯದ ಊಟವಾಯಿತು. ಅನ್ನದಿಂದ ತೊಂದರೆಯಿಲ್ಲ. ಕೈಯಲ್ಲಿ ಕಾಸು ಓಡಾಡಿದಂತೆ ಸಕ್ಕರೆ ಚಹಾ, ಬಿಸ್ಕೆಟ್, ಅಂಗಡಿಯ ಚಾಕಲೇಟ್ ಮಗುವಿನ ದಿನವಿಡೀ ಬಾಯಾಡಿಸುವ ತಿಂಡಿಯಾದದ್ದು ತೊಂದರೆ. ಬಾಯಿಯ ಸೂಕ್ಷ್ಮಾಣುಗಳು ಸಕ್ಕರೆಯನ್ನು ಆಮ್ಲವಾಗಿಸುತ್ತವೆ, ಆಮ್ಲ ಹಲ್ಲನ್ನು ಕರಗಿಸುತ್ತದೆ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ರಾತ್ರಿ ಈ ಕೆಲಸ ಬಿರುಸು. ಸಕ್ಕರೆ ಹಾಕಿದ ಹಾಲಿನ ಬಾಟಲಿಯನ್ನು ಬಾಯಿಗಿಟ್ಟು ಮಲಗಿಸಿದ ಮಗುವಿನ ಮುಂದಿನ ಹಲ್ಲುಗಳು ಮೂರು ವರ್ಷದೊಳಗೇ ಕರಗಿಹೋಗುವುದು ಇದರಿಂದಲೇ.

ಇಷ್ಟು ಚರಿತ್ರೆಯಿಂದ ನಮಗೆ ಉಳಿಯುವ ಪಾಠ ಚಿಕ್ಕದು. ಕಡ್ಡಿಯೋ ಬ್ರಷ್ಷೋ ಎಂಬ ವಾದ ಬೇಡ. ವಿಶ್ವ ಆರೋಗ್ಯ ಸಂಸ್ಥೆಯೂ 1986ರಲ್ಲಿ ರೂಢಿಯಿರುವೆಡೆ ಮಿಸ್ವಾಕ್ ಬಳಕೆಯನ್ನು ಪ್ರೋತ್ಸಾಹಿಸಿದೆ. ದೊಡ್ಡವರು ಎರಡನ್ನೂ ಬಳಸಲಿ. ಆದರೆ ಚಿಕ್ಕ ಮಗುವಿನ ಹಿಂದಿನ ಹಲ್ಲಿನ ಗುಳಿಗಳಿಗೆ ಕಡ್ಡಿ ಸುಲಭವಾಗಿ ತಲುಪದು, ಅಲ್ಲಿಗೆ ಮೆತ್ತನೆಯ ಚಿಕ್ಕ ಬ್ರಷ್ ಬೇಕು. ಏಳೆಂಟು ವರ್ಷದವರೆಗೆ ಮಗುವಿನ ಕೈಗೆ ಪೂರ್ತಿ ಹಿಡಿತ ಬಂದಿರುವುದಿಲ್ಲವಾದ್ದರಿಂದ ಉಜ್ಜುವುದು ಹಿರಿಯರ ಕೆಲಸವೇ. ಇದಕ್ಕೆ ಸಮಯ ಹುಡುಕಬೇಕಾಗಿಯೂ ಇಲ್ಲ. ಬೆಳಿಗ್ಗೆ ಫಜ್ರ್‌ನ ವುಝೂಗೆ ಒಮ್ಮೆ, ರಾತ್ರಿ ಊಟ ಮುಗಿದು ಇಶಾದ ಬಳಿಕ ಮಲಗುವ ಮುನ್ನ ಒಮ್ಮೆ. ಆಮೇಲೆ ನೀರಲ್ಲದೆ ಬೇರೇನೂ ಬೇಡ. ರಮಝಾನ್‌ನಲ್ಲಿ ಇಫ್ತಾರಿನ ಸಿಹಿಯ ನಂತರ ಇದನ್ನು ಇನ್ನೂ ಮರೆಯಬಾರದು.

ಶುಕ್ರವಾರ ಜುಮಾಕ್ಕೆ ಮುನ್ನ ಮಕ್ಕಳ ಉಗುರು ಕತ್ತರಿಸುವ ರೂಢಿ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಅದೇ ಹೊತ್ತಿಗೆ ಮಗುವನ್ನು ಬಾಗಿಲ ಬೆಳಕಿಗೆ ಕೂರಿಸಿ ಬಾಯಿ ತೆರೆಸಿ ನೋಡೋಣ. ಹಿಂದಿನ ಹೊಸ ದವಡೆ ಹಲ್ಲು ಬಂದಿದೆಯೇ? ಅದರ ಗುಳಿಯಲ್ಲಿ ಕಪ್ಪು ಚುಕ್ಕೆ ಇದೆಯೇ? ಇದ್ದರೆ ನೋವು ಬರುವವರೆಗೆ ಕಾಯದೆ ವೈದ್ಯರಿಗೆ ತೋರಿಸೋಣ. ಇಲ್ಲದಿದ್ದರೂ ಆ ಗುಳಿಗಳನ್ನು ಮುಚ್ಚುವ ಲೇಪನವೊಂದಿದೆ, ಅದರ ಬಗ್ಗೆ ಕೇಳೋಣ. ಮಕ್ಕಳ ದೇಹ ನಮ್ಮ ಕೈಯಲ್ಲಿರುವ ಅಮಾನತ್. ವಾರಕ್ಕೊಮ್ಮೆ ಎರಡು ನಿಮಿಷ ನೋಡಿದರೆ ಆರಕ್ಕೆ ಬಂದ ಹಲ್ಲು ಎಪ್ಪತ್ತರವರೆಗೂ ಬಾಳೀತು, ಇನ್ಶಾ ಅಲ್ಲಾಹ್.