ರಾಜೀವನಗರದ ಗ್ರಂಥಾಲಯ ಕಲಿಸಿದ ಪಾಠ

ಓದು ಎಂಬ ಆಜ್ಞೆಯಿಂದಲೇ ವಹೀ ಆರಂಭವಾಯಿತೆಂದು ಮಕ್ಕಳಿಗೆ ಕಲಿಸುತ್ತೇವೆ. ಅದನ್ನು ಬದುಕಿ ತೋರಿಸಿದವರು ಮೈಸೂರಿನ ಸೈಯದ್ ಇಸಾಕ್. ಓದುವ ಅವಕಾಶ ಸಿಗದ ಈ ಕೂಲಿ ಕಾರ್ಮಿಕರು 2011ರಲ್ಲಿ ರಾಜೀವನಗರದಲ್ಲಿ ಸಾರ್ವಜನಿಕ ಗ್ರಂಥಾಲಯ ತೆರೆದರು. ಸ್ವಂತ ದುಡಿಮೆಯಿಂದ ದಿನಪತ್ರಿಕೆ ತರಿಸಿದರು. ಹತ್ತು ವರ್ಷಗಳಲ್ಲಿ ಸುಮಾರು 11,000 ಪುಸ್ತಕಗಳು ಕೂಡಿದವು, ಹೆಚ್ಚಿನವು ಕನ್ನಡದವು. ಕುರ್‌ಆನ್, ಬೈಬಲ್, ಭಗವದ್ಗೀತೆ ಒಂದೇ ಸೂರಿನಡಿ ಇದ್ದವು.

2021ರ ಏಪ್ರಿಲ್ 9ರ ನಸುಕಿನಲ್ಲಿ ಎಲ್ಲವೂ ಬೆಂಕಿಗೆ ಆಹುತಿಯಾಯಿತು. ಇಸಾಕ್ ಅವರು ಎದೆಗುಂದದೆ ಮತ್ತೆ ಕಟ್ಟುವೆನೆಂದರು. ಜಾತಿಮತ ನೋಡದೆ ಜನ ಹಣ, ಪುಸ್ತಕ ಕೊಡಲು ಮುಂದೆ ಬಂದರು.

ಅಲ್ಲಿ ಸುಟ್ಟದ್ದನ್ನೇ ಮತ್ತೆ ಕಟ್ಟಲು ಹೊರಟರೆಂದ ಮೇಲೆ, ನಮ್ಮ ಮೊಹಲ್ಲಾಗಳಲ್ಲಿ ಬೀಗ ಬಿದ್ದ ವಾಚನಾಲಯ ತೆರೆಯಲಾಗದೇ? ಬಾಗಿಲು ತೆರೆಯುವವರೊಬ್ಬರು, ನಾಲ್ಕು ಪತ್ರಿಕೆ, ಪರೀಕ್ಷೆಗೆ ಓದುವ ಮಕ್ಕಳಿಗೊಂದು ಮೇಜು, ಅರ್ಜಿ ತುಂಬಿಕೊಡುವ ಒಬ್ಬ ಪದವೀಧರ, ಇಷ್ಟರಿಂದಲೇ ಆರಂಭಿಸೋಣ.